ಪೋಣಿಸಿದ ಮಣಿ, ಹೆಣೆಯದ ಬಳೆ

ಕಾಲುವೆಗೆ ನೀರು ಬಿಟ್ಟ ಮೊದಲ ವರ್ಷ, ದೋರನಹಳ್ಳಿಯ ನಮ್ಮ ಓಣಿಯ ಮಧ್ಯಾಹ್ನಗಳಿಗೆ ಹೊಸದೊಂದು ಸದ್ದು ಸೇರಿಕೊಂಡಿತ್ತು. ಉಂಡು ಎಲ್ಲರೂ ಅಡ್ಡಾದ ಮೇಲೆ ಹೊಲದ ಕಡೆಯಿಂದ ನೀರು ಹರಿಯುವುದು ಕೇಳುತ್ತಿತ್ತು. ಅಷ್ಟು ದೂರದಿಂದ ನಿಜವಾಗಿಯೂ ಕೇಳುತ್ತಿತ್ತೋ, ನಾವೇ ಕೇಳಿಸಿಕೊಳ್ಳುತ್ತಿದ್ದೆವೋ, ದೇವರೇ ಬಲ್ಲ. ಆ ಸದ್ದಿನೊಳಗೆ ಅಕ್ಕ ಪಡಸಾಲೆಯ ಕಂಬಕ್ಕೆ ಒರಗಿ ಮಣಿ ಪೋಣಿಸುತ್ತಿದ್ದಳು. ಒಂದು ಕರಿದು, ಒಂದು ಬಿಳಿದು.

ಅಕ್ಕ ಕಕ್ಕೇರಾದ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಹಿಂದೆಯೂ ಎರಡು ಸಲ ಹೀಗೇ ಬಂದು ಬರಿಗೈಯಲ್ಲಿ ಹೋಗಿದ್ದಳು. ಎರಡೂ ಕೂಸು ಹುಟ್ಟಿ, ಕಣ್ಣು ಬಿಟ್ಟು ನೋಡುವುದರೊಳಗೇ ಹೋಗಿದ್ದವು. ಮೂರನೆಯದೂ ಹೋದರೆ ಅಕ್ಕನೂ ನಮ್ಮ ಕೈಗೆ ಸಿಗುವುದಿಲ್ಲ ಎಂಬ ಹೆದರಿಕೆ ನನಗಿತ್ತು. ಮನೆಯಲ್ಲಿ ಎಲ್ಲರಿಗೂ ಇತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಮ್ಮ ಕಡೆ ಕೂಸಿಗೆ ದೃಷ್ಟಿ ತಾಗದಿರಲೆಂದು ಕೈಗೆ ಕರಿ-ಬಿಳಿ ಮಣಿಯ ಬಳೆ ಕಟ್ಟುತ್ತಾರೆ. ಆದರೆ ಕೂಸು ಹುಟ್ಟುವ ತನಕ ಅದನ್ನು ಹೆಣೆಯಬಾರದು, ಹೆಣೆದರೆ ಕೂಸಿಗೆ ಕೇಡು. ಕುಲಾಯಿ ಹೊಲಿಯಬಾರದು, ಅಟ್ಟದಿಂದ ತೊಟ್ಟಿಲು ಇಳಿಸಬಾರದು. ಈ ವಿಷಯದಲ್ಲಿ ನಮ್ಮವ್ವನ ಕಣ್ಣು ತಪ್ಪಿಸುವುದು ಆಗದ ಮಾತು.

"ಏನದು ಕೈಯಾಗ? ಬಳಿ ಹೆಣಿಯಾಕತ್ತೀಯೇನು? ತಲಿಗಿಲಿ ಕೆಟ್ಟೈತಿ?"

"ಇಲ್ಲವ್ವಾ. ಬರೇ ಪೋಣ್ಸಾಕತ್ತೇನಿ," ಅಂದಳು ಅಕ್ಕ.

ಈ ಉಪಾಯ ಹೇಳಿಕೊಟ್ಟವಳು ಪಕ್ಕದ ಮನೆಯ ಖಾಲಾ. ಮಣಿ ಕೆಲಸದಲ್ಲಿ ಅವಳದು ಎತ್ತಿದ ಕೈ. ಬಳೆಗೆ ಬೇಕಾದ ಮಣಿಗಳನ್ನೆಲ್ಲ ಮೊದಲು ದಾರಕ್ಕೆ ಪೋಣಿಸಿಕೊಳ್ಳಬೇಕು. ಆಮೇಲೆ ಕೊಕ್ಕೆ ಸೂಜಿಯಿಂದ ಒಂದೊಂದೇ ಮಣಿಯನ್ನು ಕುಣಿಕೆಯೊಳಗೆ ಸೇರಿಸುತ್ತ ಹೆಣೆಯಬೇಕು. "ಹೆಣಿಬ್ಯಾಡ ಅಂದಾಳ ನಿಮ್ಮವ್ವ. ಪೋಣ್ಸಬ್ಯಾಡ ಅಂದಾಳೇನು?" ಎಂದು ಖಾಲಾ ಅಕ್ಕನ ಕಿವಿಯಲ್ಲಿ ಹೇಳಿ ನಕ್ಕಿದ್ದಳು. "ಸೂಜಿ ಮುಟ್ಟಬ್ಯಾಡ, ಬೇಟಿ. ಸೂಜಿ ಮುಟ್ಟೂತನಾ ಅದು ಬಳಿ ಅಲ್ಲ."

ಸರಿ, ಅಕ್ಕ ಸೂಜಿ ಮುಟ್ಟಲಿಲ್ಲ. ಪೋಣಿಸುವುದನ್ನು ನಿಲ್ಲಿಸಲೂ ಇಲ್ಲ. ಕೂಸಿನ ಕೈಗೆಷ್ಟು ಮಣಿ ಬೇಕು, ಒಂದು ಗೇಣಿಲ್ಲ. ಇವಳ ದಾರ ತಾಟಿನಲ್ಲಿ ಸುತ್ತು ಸುತ್ತಾಗಿ ಬೆಳೆಯಿತು. "ಎಮ್ಮಿಗೆ ಕಟ್ತೀಯೇನಬೇ?" ಎಂದು ನಾನು ಕೆಣಕಿದರೆ ತುಟಿ ತುದಿಯಲ್ಲಿ ನಗುತ್ತಿದ್ದಳು. ಅವಳ ಪಕ್ಕದಲ್ಲೇ ಮಲಗಿದ ನನಗೆ ಅರೆನಿದ್ದೆಯಲ್ಲಿ ಆ ದಾರ ಹೊಸ್ತಿಲು ದಾಟಿ, ಓಣಿ ದಾಟಿ, ಹೊಸ ನೀರಿನ ಗುಂಟ ಹೋಗುತ್ತಿರುವಂತೆ ಕಾಣುತ್ತಿತ್ತು. ಹಿಂದೆಯೇ ಅಕ್ಕ ಹೋಗುತ್ತಿದ್ದಳು. ಕೂಗಬೇಕೆಂದರೆ ಬಾಯಿ ಬರುತ್ತಿರಲಿಲ್ಲ. ಎಚ್ಚರಾದಾಗ ಅವಳು ಕಂಬದ ಹತ್ತಿರವೇ ಇರುತ್ತಿದ್ದಳು. ಎಷ್ಟು ಸಮಾಧಾನವಾಗುತ್ತಿತ್ತೆಂದರೆ, ಸುಮ್ಮನೆ ಅವಳ ಸೆರಗು ಹಿಡಿದು ಮತ್ತೆ ಕಣ್ಣು ಮುಚ್ಚುತ್ತಿದ್ದೆ.

ಒಂದು ಬೆಳಿಗ್ಗೆ ಹೆರಿಗೆ ಬ್ಯಾನೆ ಶುರುವಾಯಿತು. ಟೆಂಪೋದಲ್ಲಿ ಶಹಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಕ್ಕನನ್ನು ಒಳಗೆ ಒಯ್ದರು. ನಾನು, ಅವ್ವ ವರಾಂಡದ ನೆಲದ ಮೇಲೆ ಕುಳಿತೆವು. ಕೂಸಿಗೆ ಸುತ್ತಲು ಹಳೆಯ ಸೀರೆ ಬೇಕೆಂದರು. ಹೊರಡುವಾಗ ಖಾಲಾ ಕಟ್ಟಿಕೊಟ್ಟಿದ್ದ ಬಟ್ಟೆಯ ಗಂಟಿನಿಂದ ಅವ್ವ ಸೀರೆ ಎಳೆದಳು. ಅದರ ಜೊತೆಗೆ ಮಣಿಯ ದಾರದ ಸುತ್ತು ಹೊರಬಿತ್ತು, ಅದಕ್ಕೆ ಸಿಗಿಸಿದ ಕೊಕ್ಕೆ ಸೂಜಿಯೂ.

ಮುಗೀತು, ಇನ್ನು ಅವ್ವ ಖಾಲಾಳ ಏಳು ತಲೆಮಾರು ಜಾಲಾಡುತ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ಒಳಗೆ ಅಕ್ಕ ಚೀರಿದಳು. ಆಮೇಲೆ ಸದ್ದಿಲ್ಲ. ಅವ್ವ ಮುಚ್ಚಿದ ಬಾಗಿಲನ್ನು ನೋಡಿದಳು, ದಾರ ನೋಡಿದಳು, ಸೂಜಿ ಎತ್ತಿಕೊಂಡು ಹೆಣೆಯತೊಡಗಿದಳು.

ನಾನು ಸೂಜಿಗೆ ಕೈ ಹಾಕಿದೆ. "ಅವ್ವಾ, ಏನ್ ಮಾಡಾಕತ್ತೀ! ಕೂಸಿನ್ನಾ ಹುಟ್ಟಿಲ್ಲ!"

"ಸುಮ್ನ ಕುಂದ್ರು. ಎರಡ್ ಸಲಾನೂ ನನ್ನ ಮಾತ ಕೇಳಿ ಒಂದ್ ಎಳಿ ಹೆಣೀಲಿಲ್ಲ ಆಕಿ. ಏನ್ ಸಿಕ್ತು ಆಕಿಗೆ?" ಅವ್ವನ ಕೈ ನಿಲ್ಲಲಿಲ್ಲ. "ಕೆಟ್ಟದ್ದೇನರೆ ಬರೂದಿದ್ರ ಈ ಸಲ ನನ್ನ ಕೈಗೆ ಬರ್ಲಿ."

ಅವಳ ಕಣ್ಣೀರು ಮಣಿಗಳ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಬಿಸಿಲು ವರಾಂಡದ ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಯಿತು. ನಾನು ದಾರ ಬಿಚ್ಚಿ ಬಿಚ್ಚಿ ಕೊಡುತ್ತಿದ್ದೆ. ಅವ್ವ ಕೊನೆಯ ಗಂಟು ಬಿಗಿಯುವಾಗ ಒಳಗೆ ಕೂಸು ಅತ್ತಿತು, ಇಡೀ ಆಸ್ಪತ್ರೆಗೆ ಕೇಳುವಂತೆ.

ಸಿಸ್ಟರ್ ಕೂಸನ್ನು ತಂದು ಅವ್ವನ ಮಡಿಲಿಗೆ ಹಾಕಿದಳು. "ಹೆಣ್ಣ ಕೂಸ್ರಿ. ಗಟ್ಟಿ ಐತಿ. ತಾಯೀನೂ ಆರಾಮ ಅದಾಳ." ಅವ್ವ ಬಳೆ ತೊಡಿಸಿದಳು. ಅದು ಮುಂಗೈಯಲ್ಲಿ ನಿಲ್ಲದೆ ಜಾರಿ ತೋಳಿಗೆ ಹೋಯಿತು.

ಸಿಸ್ಟರ್ ನಕ್ಕಳು. "ಅಯ್ಯ, ಅಳತಿ ತಪ್ಪೈತಲ್ಲಬೇ ಅಮ್ಮಾ! ಇದು ವರ್ಷದ ಕೂಸಿಗೆ ಆಗೂ ಬಳಿ."

"ತಪ್ಪಿಲ್ರಿ," ಅಂದಳು ಅವ್ವ. "ವರ್ಷದ ಕೂಸಿಗೇ ಹೆಣದೇನಿ."