ಐದಕ್ಕೆ ನಾಲ್ಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ಮುಂದೆ ಎಲ್ಲಾದರೂ ನಾನು ಬೇರೆಯವರ ಕಡೆ ಬೆರಳು ತೋರಿಸತೊಡಗಿದರೆ ನಂಬಬೇಡಿ. ನಿಮ್ಮ ಜಾಗದಲ್ಲಿದ್ದರೆ ನಾನಂತೂ ನಂಬುತ್ತಿರಲಿಲ್ಲ. ಒಬ್ಬ ಮುದುಕಿಯ ನೆನಪಿನ ಶಕ್ತಿ ಪರೀಕ್ಷಿಸುವಾಗ ನಾನು ಕುಕ್ಕರಿನ ಹಾಗೆ ಸೀಟಿ ಹೊಡೆದೆ. ಅಷ್ಟಕ್ಕೇ ಎರಡು ಸಂಸ್ಥೆಗಳ ನಡುವೆ ಮಾತು ನಿಂತಿತು, ಆ ಮುದುಕಿಗೆ ಸಿಗಬೇಕಿದ್ದ ಒಂದು ಕುರ್ಚಿ ಐದು ವಾರ ಸಿಗಲಿಲ್ಲ.

ಇದೆಲ್ಲ ಈಗ ನೆನಪಾಗಲು ಪಕ್ಕದ ಮನೆಯ ಕುಕ್ಕರೇ ಕಾರಣ. ಪುಣೆಯ ಸದಾಶಿವ ಪೇಠದಲ್ಲಿ ಮನೆಗಳು ಎಷ್ಟು ಅಂಟಿಕೊಂಡಿವೆಯೆಂದರೆ, ಅವರ ಬೇಳೆ ಬೆಂದ ಸುದ್ದಿ ಅವರಿಗಿಂತ ಮೊದಲು ನಮ್ಮ ಗೋಡೆಗೆ ತಲುಪುತ್ತದೆ. ಇಂದು ಬೆಳಿಗ್ಗೆ ಮೂರನೆಯ ಸೀಟಿಗೆ ಅವ್ವ ಒಳಗಿನಿಂದ ಕೂಗಿದಳು: “ಏಳೋ, ನಿನ್ನ ಗೆಳ್ಯಾ ಕರೀಲಿಕತ್ತಾನ.” ನಾನು ಗೋಡೆಯತ್ತ ತಿರುಗಿ ನಾಲ್ಕನೆಯದನ್ನು ಹೊಡೆದೆ. ಪಕ್ಕದ ಮನೆಯವರು ಗ್ಯಾಸ್ ಆರಿಸಿದರು. ಇವತ್ತು ಅವರ ಬೇಳೆ ಗಟ್ಟಿಯಾಗಿಯೇ ಉಳಿದಿರಬೇಕು.

ಅಣಕು ನನಗೆ ಕೆಮ್ಮಿನ ಹಾಗೆ, ತಡೆಯಲು ಹೋದರೆ ಇನ್ನೂ ಜೋರಾಗಿ ಬರುತ್ತದೆ. ಅಪ್ಪನ ಸೀನು, ಮನೆ ಮಾಲೀಕರ ಗಂಟಲು, ಕೆಲಸ ಕೇಳಲು ಹೋದಾಗ ನನ್ನದೇ ಬಾಯಿಂದ ಹೊರಡುವ ಆ ಜೇನುತುಪ್ಪದ ದನಿ, ಯಾವುದನ್ನೂ ಬಿಟ್ಟವನಲ್ಲ. ಆ ಜೇನುತುಪ್ಪದಿಂದಲೇ ನನಗೆ ಈ ನೌಕರಿ ಸಿಕ್ಕಿದ್ದು. ಒಂದು ಹಳೆಯ ವಾಡೆ, ಅಂದರೆ ಹಿಂದಿನ ಕಾಲದ ಎರಡು ಮಹಡಿಯ ದೊಡ್ಡ ಮನೆ. ಮೇಲಿನ ಮಹಡಿಯಲ್ಲಿ ಮನಸ್ಸಿನ ಕಾಯಿಲೆಗಳಿಗೆ ಚಿಕಿತ್ಸೆ ಕೊಡುವ ಸಂಸ್ಥೆ. ಅದರ ಮುಖ್ಯಸ್ಥೆ ಡಾಕ್ಟರ್ ಸಾಠೆ ಮ್ಯಾಡಮ್. ಕೆಳಗಿನ ಮಹಡಿಯಲ್ಲಿ ಮರೆವಿನ ಕಾಯಿಲೆ ಬಂದ ಹಿರಿಯರ ಸಂಸ್ಥೆ. ಅದರ ಮುಖ್ಯಸ್ಥರು ಜೋಗಳೇಕರ ಸರ್. ಎರಡೂ ಕಡೆ ಬೆಳಗಿನಿಂದ ಸಂಜೆಯ ತನಕ ಜನರನ್ನು ಕೂರಿಸಿಕೊಂಡು ನೋಡಿಕೊಳ್ಳುತ್ತಾರೆ. ಇಬ್ಬರೂ ಕೂಡಿ ಕೆಲಸ ಮಾಡುತ್ತೇವೆಂದು ಒಪ್ಪಂದ ಬರೆದುಕೊಂಡಿದ್ದರು. ಆ ಕೂಡುವಿಕೆಗೆ ಒಬ್ಬ ಮನುಷ್ಯ ಬೇಕಲ್ಲ, ಅವನೇ ನಾನು. ಹುದ್ದೆಯ ಹೆಸರು ಸಮನ್ವಯಕ, ಕೆಲಸ ಮೆಟ್ಟಿಲು ಹತ್ತಿ ಇಳಿಯುವುದು.

ಒಪ್ಪಂದಕ್ಕೆ ಚೌಕಟ್ಟು ಹಾಕಿಸಿ ಮೆಟ್ಟಿಲಿನ ತಿರುವಿನಲ್ಲಿ ತೂಗುಹಾಕಿದ್ದರು. ಮೇಲೆ ಹಾಕಿದರೆ ಕೆಳಗಿನವರಿಗೆ ಸಂಶಯ, ಕೆಳಗೆ ಹಾಕಿದರೆ ಮೇಲಿನವರಿಗೆ. ಅದರಲ್ಲಿ ಮೂರು ಸಾಲು ಮುಖ್ಯ: ಮನಸ್ಸಿನ ಕಾಯಿಲೆ ಮೇಲಿನವರದು, ಮರೆವಿನ ಕಾಯಿಲೆ ಕೆಳಗಿನವರದು, ಎರಡೂ ಇದ್ದರೆ ಕೂಡಿ ನೋಡುವುದು. ಮೂರನೆಯ ಸಾಲನ್ನು ಯಾರೂ ಮುಟ್ಟಿರಲಿಲ್ಲ. ಅಡುಗೆಮನೆ ಒಂದೇ, ಸಕ್ಕರೆ ಡಬ್ಬಿ ಎರಡು. ಮೇಲಿನ ಕುರ್ಚಿಗಳ ಬೆನ್ನಿಗೆ ಕೆಂಪು ಬಣ್ಣದ ಗುರುತು, ಕೆಳಗಿನವಕ್ಕೆ ನೀಲಿ. ಕೆಳಗಿನ ಕೋಣೆಯಲ್ಲೊಂದು ಕೆಂಪು ಕುರ್ಚಿ ಕಂಡಿತೋ, ಅವತ್ತಿನ ಚಹಾ ಮೌನದಲ್ಲಿ ಮುಗಿಯುತ್ತಿತ್ತು.

ನಾನು ಮೇಲೆ ಹೋದರೆ ಜೋಗಳೇಕರ ಸರ್ ಆಗುತ್ತಿದ್ದೆ. ಕನ್ನಡಕವನ್ನು ಹಣೆಗೇರಿಸಿ “ಬಘೂಯಾ” ಅನ್ನುತ್ತಿದ್ದೆ. ನೋಡೋಣ ಅಂತ ಅದರ ಅರ್ಥ. ಅವರ ಬಾಯಲ್ಲಿ ಮಾತ್ರ ಆಗುವುದಿಲ್ಲ ಅಂತ. ಕೆಳಗೆ ಬಂದರೆ ಸಾಠೆ ಮ್ಯಾಡಮ್ ಆಗಿ, ಪೆನ್ನಿನ ಟೋಪಿ ಕಚ್ಚುತ್ತ “ಇದನ್ನು ಬರೆದುಕೊಟ್ಟಿದ್ದಾರಾ?” ಎಂದು ಕೇಳುತ್ತಿದ್ದೆ. ಎರಡೂ ಕಡೆ ನಗು, ಎರಡೂ ಕಡೆ ಚಹಾ. ಮೇಲಿನವರು ನನ್ನನ್ನು ಕೆಳಗಿನವರ ಗೂಢಚಾರ ಅಂದುಕೊಂಡಿದ್ದರು, ಕೆಳಗಿನವರು ಮೇಲಿನವರ ಗೂಢಚಾರ ಅಂದುಕೊಂಡಿದ್ದರು. ಇಬ್ಬರ ಬಿಸ್ಕೀಟನ್ನೂ ನಾನು ತಿನ್ನುತ್ತಿದ್ದೆ.

ಆಗ ಬಂದವಳು ನಿಂಗಮ್ಮ, ಸೊಸೆ ಶರಣಮ್ಮನ ಜೊತೆ. ಯಾದಗಿರಿ ಕಡೆಯಿಂದ ಬಂದು ಪುಣೆಯಲ್ಲಿ ಗಂಡನೊಂದಿಗೆ ಕಟ್ಟಡದ ಕೆಲಸ ಮಾಡಿದವಳು. ಗಂಡ ತೀರಿಕೊಂಡ ಮೇಲೆ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ಆಮೇಲೆ ದಾರಿ ತಪ್ಪತೊಡಗಿತು. ಇಷ್ಟು ವರ್ಷ ಆಡಿದ ಮರಾಠಿ ಪೂರ್ತಿ ಹೋಗಿ ಬರೀ ಕನ್ನಡ ಉಳಿದಿತ್ತು. ಮಗ ಕುರಕುಂಭದ ಕಾರ್ಖಾನೆಯಲ್ಲಿ, ವಾರದ ರಜೆಗೊಮ್ಮೆ ಬರುವವನು. ಶರಣಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಚಪಾತಿ ಲಟ್ಟಿಸುವವಳು, ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ನಾಲ್ಕಕ್ಕೆ ಬರುವುದು. ಅಷ್ಟು ಹೊತ್ತು ಅತ್ತೆಯನ್ನು ಕೋಣೆಯೊಳಗಿಟ್ಟು ಹೊರಗಿನಿಂದ ಕೀಲಿ ಹಾಕಬೇಕು. ಹಾಕದ ಎರಡು ದಿನ ಅತ್ತೆ ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು, ಊರಿನ ಬಸ್ಸು ಹುಡುಕುತ್ತ.

“ಕೀಲಿ ಹಾಕಿದ್ರ ಅತ್ತಿ ಒಳಗ ಬಾಗಲಾ ಬಡೀತಾಳ್ರಿ. ನಾ ಅಲ್ಲಿ ಚಪಾತಿ ಲಟ್ಟಸ್ತಿರ್ತೀನಿ, ಕಿವ್ಯಾಗ ಅದಾ ಬಡಿತ,” ಎಂದಳು ಶರಣಮ್ಮ. ಅವಳಿಗೆ ಬೇಕಿದ್ದದ್ದು ಹಗಲು ಹೊತ್ತಿಗೆ ಒಂದು ಕುರ್ಚಿ. ಅದಿಲ್ಲದಿದ್ದರೆ ಒಂದೋ ಕೀಲಿ, ಇಲ್ಲವೇ ಕೆಲಸ ಬಿಡುವುದು. ಆಗ ನನಗೆ ಅವಳ ಮೇಲೂ ಅನುಮಾನವಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಅತ್ತೆಯನ್ನು ನಮ್ಮ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಬಂದಿದ್ದಾಳೆ ಎಂದುಕೊಂಡಿದ್ದೆ.

ಮೊದಲು ಪರೀಕ್ಷೆ. ಒಬ್ಬರ ಪರೀಕ್ಷೆಯನ್ನು ಇನ್ನೊಬ್ಬರು ನಂಬುವುದಿಲ್ಲವಾದ್ದರಿಂದ ನಮ್ಮಲ್ಲಿ ಪ್ರತಿಯೊಬ್ಬರಿಗೂ ಎರಡು ಪರೀಕ್ಷೆ, ಪ್ರಶ್ನೆಗಳ ಹಾಳೆ ಮಾತ್ರ ಒಂದೇ. ಅದರಲ್ಲಿ ಐದು ಶಬ್ದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು, ಎಷ್ಟು ನೆನಪಿವೆ ಎಂದು ಕೇಳುತ್ತಾರೆ: ಕೋಳಿ, ಕುಕ್ಕರ್, ರಿಕ್ಷಾ, ಗಂಟೆ, ಗುಲಾಬಿ. ಕನ್ನಡಕ್ಕೆ ತಿರುಗಿಸುವವನು ನಾನು. ಸೋಮವಾರ ಸಾಠೆ ಮ್ಯಾಡಮ್ ಎದುರು ಶಿಸ್ತಿನಿಂದ ಹೇಳಿದೆ, ಅವರ ಕಣ್ಣು ಅಂಥದ್ದು. ನಿಂಗಮ್ಮ ಸೆರಗಿನ ತುದಿ ತಿರುವುತ್ತ ಕೂತಳು. ಐದಕ್ಕೆ ಸೊನ್ನೆ. “ಇದು ಮರೆವಿನ ಕಾಯಿಲೆ, ಕೆಳಗಿನವರದು,” ಎಂದು ಮ್ಯಾಡಮ್ ಬರೆದರು.

ಬುಧವಾರ ಕೆಳಗೆ. ಜೋಗಳೇಕರ ಸರ್‌ಗೆ ಫೋನು ಬಂತು. “ನೀನು ಶುರು ಮಾಡು,” ಎಂದು ಅವರು ಅಂಗಳಕ್ಕೆ ಹೋದರು. ಕೋಣೆಯಲ್ಲಿ ನಾನು ಮತ್ತು ಆ ಸಪ್ಪೆ ಮುಖ. ಒಂದು ಸಲ ನಗಿಸೋಣ ಎನಿಸಿತು. ಕೋಳಿ ಎಂದು ಹೇಳಿ ಕೂಗಿದೆ. ಕುಕ್ಕರ್ ಎಂದು ಹೇಳಿ ಮೂರು ಸೀಟಿ. ರಿಕ್ಷಾ ಎಂದು ಹೇಳಿ, ಸ್ಟಾರ್ಟ್ ಆಗದೆ ಕೆಮ್ಮುವ ಒಂದು ಮುದಿ ರಿಕ್ಷಾವನ್ನು ಕಷ್ಟಪಟ್ಟು ಸ್ಟಾರ್ಟ್ ಮಾಡಿದೆ. ಗಂಟೆಯನ್ನು ಬಾಯಲ್ಲೇ ಬಾರಿಸಿದೆ, ಗುಲಾಬಿಯನ್ನು ಹೇಳಿದೆನಷ್ಟೇ. ನಿಂಗಮ್ಮ ಬಾಯಿಗೆ ಸೆರಗು ಒತ್ತಿ ನಕ್ಕಳು.

“ಏ ಹುಚ್ಚಪ್ಪಾ, ಕೋಳಿ ಮುಂಜಾನಿ ಕೂಗತದ. ಹಗಲಾಗ ಯಾಕ ಕೂಗತಿ?”

“ಪುಣೆದಾಗಿನ ಕೋಳಿ ಆಯಿ, ಹೊತ್ತಿನ ಖಬರಿಲ್ಲ.”

ಹತ್ತು ನಿಮಿಷ ಬಿಟ್ಟು ಕೇಳಿದೆ. ಶಬ್ದ ಒಂದೂ ಬರಲಿಲ್ಲ. ಬದಲಿಗೆ ಅವಳು ಕೂಗಿದಳು, ಸೀಟಿ ಹೊಡೆದಳು, ಕೆಮ್ಮಿ ಸ್ಟಾರ್ಟ್ ಆದಳು, ಗಂಟೆ ಬಾರಿಸಿದಳು. ಸರ್ ಒಳಗೆ ಬಂದು ಪೆನ್ನು ತೆಗೆದರು. “ಎಷ್ಟು?” ನಾನು ದುಭಾಷಿಯಲ್ಲವೇ, ಸದ್ದನ್ನು ಶಬ್ದಕ್ಕೆ ತಿರುಗಿಸಿಬಿಟ್ಟೆ. “ಐದಕ್ಕೆ ನಾಲ್ಕು, ಸರ್. ಗುಲಾಬಿ ಒಂದು ಬರಲಿಲ್ಲ.” ಸರ್ ಕನ್ನಡಕ ಹಣೆಗೇರಿಸಿದರು. “ನೆನಪು ಚೆನ್ನಾಗಿದೆಯಲ್ಲ! ಇದು ದುಃಖ. ಮೇಲಿನವರದು.”

ಅಲ್ಲಿಂದ ಶುರುವಾಯಿತು. ಮ್ಯಾಡಮ್‌ಗೆ ಅನುಮಾನ: ಸೋಮವಾರ ಸೊನ್ನೆ, ಬುಧವಾರ ನಾಲ್ಕು ಹೇಗಾಯಿತು? ಜವಾಬ್ದಾರಿ ತಪ್ಪಿಸಿಕೊಳ್ಳಲು ಕೆಳಗಿನವರೇ ಹೇಳಿಕೊಟ್ಟಿರಬೇಕು. ಸರ್‌ಗೆ ಅನುಮಾನ: ಮೇಲೆ ಮುದುಕಿಯನ್ನು ಹೆದರಿಸಿ ಸೊನ್ನೆ ತೆಗೆಸಿದ್ದಾರೆ. ಇಬ್ಬರಿಗೂ ಕೂಡಿ ಶರಣಮ್ಮನ ಮೇಲೆ ಅನುಮಾನ: ಮನೆಯಲ್ಲಿ ಬಾಯಿಪಾಠ ಮಾಡಿಸಿದ್ದಾಳೋ ಏನೋ. ಆ ಒಂದು ವಿಷಯದಲ್ಲಿ ಒಪ್ಪಂದ ಚೆನ್ನಾಗಿ ನಡೆಯುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಎಲ್ಲರ ದನಿ ತೆಗೆಯುವವನಿಗೆ ತನ್ನದೊಂದು ದನಿ ಹೊರಡಲಿಲ್ಲ. ನೌಕರಿ ಹೋದೀತೆಂಬ ಹೆದರಿಕೆ.

ವಾರಕ್ಕೆರಡು ಸಲ ಶರಣಮ್ಮ ಹಾಸ್ಟೆಲಿನಲ್ಲಿ ಅರ್ಧ ದಿನದ ರಜೆ ಕೇಳಿಕೊಂಡು ಬರುತ್ತಿದ್ದಳು. ಮೆಟ್ಟಿಲ ತಿರುವಿನಲ್ಲಿ, ಆ ಚೌಕಟ್ಟಿನ ಕೆಳಗೆ, ಅತ್ತೆಯನ್ನು ಕೂರಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು.

“ಮ್ಯಾಲಿನವರು ಕೆಳಗ ಹೋಗ್ರಿ ಅಂತಾರ, ಕೆಳಗಿನವರು ಮ್ಯಾಲ ಹೋಗ್ರಿ ಅಂತಾರ. ನಮ್ಮತ್ತಿ ಮೊಳಕಾಲ ಕಬ್ಬಣದ್ವೇನೋ ತಮ್ಮಾ?”

“ಇನ್ನೊಂದ್ ವಾರ ಅಕ್ಕಾ, ಆಗ್ತದ,” ಎಂದೆ, ಜೇನುತುಪ್ಪದ ದನಿಯಲ್ಲಿ.

ಐದನೆಯ ವಾರ ಅವಳ ಫೋನು ಬಂತು. ಕೀಲಿ ಹಾಕಲು ಮನಸ್ಸು ಬರದೆ ಹಾಗೇ ಹೋಗಿದ್ದಳಂತೆ. ಅತ್ತೆ ಮತ್ತೆ ಸ್ವಾರಗೇಟಿನಲ್ಲಿ. ಯಾರೋ ಕಂಡಕ್ಟರು ಅವಳ ಕೈಚೀಲದ ಮೇಲೆ ಬರೆದಿದ್ದ ನಂಬರಿಗೆ ಫೋನು ಮಾಡಿದ್ದ. “ನಾ ಬರೂದ್ರಾಗ ಬಸ್ ಬಿಟ್ಟಗಿಟ್ಟೀತು, ನೀ ಹತ್ರ ಇದ್ದಿ, ಓಡು.” ಓಡಿದೆ. ಕರ್ನಾಟಕದ ಬಸ್ಸಿನ ಮುಂದಿನ ಸೀಟಿನಲ್ಲಿ ನಿಂಗಮ್ಮ ಚೀಲ ತಬ್ಬಿಕೊಂಡು ಕೂತಿದ್ದಳು. ಕಂಡಕ್ಟರು ಕನ್ನಡದಲ್ಲಿ ಊರುಗಳ ಹೆಸರು ಕೂಗುವುದು ಕೇಳಿ ಹತ್ತಿಬಿಟ್ಟಿದ್ದಳು. “ಯಾರು ಕರೆದರೂ ಇಳೀವಲ್ಲಳ್ರಿ,” ಎಂದ ಅವನು. ನಾನು ಬಾಗಿಲಲ್ಲಿ ನಿಂತೆ. ನನ್ನ ಹೆಸರು ಅವಳಿಗೆ ಗೊತ್ತಿಲ್ಲ, ಯಾರೆಂದೂ ಗೊತ್ತಿಲ್ಲ. ಒಂದು ಗಳಿಗೆ ಮುಖ ನೋಡಿ, ತುಟಿ ಮುಂದೆ ಮಾಡಿ, ಮೂರು ಸೀಟಿ ಹೊಡೆದಳು. ಎದ್ದು ಬಂದು ನನ್ನ ಕೈ ಹಿಡಿದಳು. ಬಸ್ಸಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಇಬ್ಬರು ಮುಖ್ಯಸ್ಥರನ್ನೂ ಕೆಳಗಿನ ಕೋಣೆಯಲ್ಲಿ ಒಂದೇ ಮೇಜಿಗೆ ಕೂರಿಸಿದೆ. ಅತ್ತೆ ಸೊಸೆ ಗೋಡೆಗೊರಗಿ ನಿಂತಿದ್ದರು. ನಾನು ಎಲ್ಲ ಒದರಿದೆ, ಕೋಳಿಯಿಂದ ಗಂಟೆಯವರೆಗೆ. “ಗುಲಾಬಿ ಯಾಕೆ ಬರಲಿಲ್ಲವೆಂದರೆ, ಗುಲಾಬಿಗೆ ಸದ್ದಿಲ್ಲ,” ಎಂದೆ. ಇನ್ನು ಬೈಗುಳ, ಆಮೇಲೆ ಕ್ಷಮೆ ಎಂದುಕೊಂಡು ನಿಂತೆ.

ಮ್ಯಾಡಮ್ ಪೆನ್ನಿನ ಟೋಪಿ ಕಚ್ಚಿದರು. “ಹೀಗೆ ಹೇಳು ಅಂತ ಸರ್ ಹೇಳಿಕೊಟ್ಟರಾ?”

ಸರ್ ಕನ್ನಡಕ ಹಣೆಗೇರಿಸಿದರು. “ನಾನೇಕೆ ಹೇಳಿಕೊಡಲಿ? ಗುಲಾಬಿಯ ಮಾತು ನಿಮ್ಮ ಮಹಡಿಯದೇ ಇರಬೇಕು. ನಮ್ಮಲ್ಲಿ ಅಷ್ಟು ಚಂದ ಯಾರೂ ಯೋಚಿಸುವುದಿಲ್ಲ.”

ಹುಟ್ಟಿದಂದಿನಿಂದ ಎಲ್ಲರನ್ನೂ ಅಣಕಿಸಿದವನು ಒಂದೇ ಒಂದು ಸಲ ನಿಜ ಹೇಳಿದ್ದೆ; ಇಬ್ಬರೂ ಅದರಲ್ಲಿ ಇನ್ನೊಬ್ಬರ ದನಿ ಕೇಳಿದರು. ಕೊನೆಗೆ ಮೂರನೆಯ ಕಡೆಯಿಂದ ಒಬ್ಬರನ್ನು ಕರೆಸಿ ಮೂರನೆಯ ಪರೀಕ್ಷೆ ಮಾಡಿಸುವುದು, ಅಲ್ಲಿಯ ತನಕ “ಬಘೂಯಾ” ಎಂದಾಯಿತು. ನಾನದನ್ನು ಶರಣಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಜಿನ ಹತ್ತಿರ ಬಂದು ಒಂದು ಮಾತು ಹೇಳಿದಳು. ಅದನ್ನು ನಾನು ಯಾರ ದನಿಯನ್ನೂ ತೆಗೆಯದೆ, ಏನನ್ನೂ ಕೂಡಿಸದೆ ಮರಾಠಿಗೆ ತಿರುಗಿಸಿದೆ. ಆ ಕೆಲಸದಲ್ಲಿ ನಾನು ನೆಟ್ಟಗೆ ಮಾಡಿದ ಮೊದಲ ಅನುವಾದ ಅದು.

ಈಗ ಕೆಳಗಿನ ಕೋಣೆಯ ನೀಲಿ ಕುರ್ಚಿಗಳ ನಡುವೆ ಒಂದು ಕೆಂಪು ಕುರ್ಚಿ ಇದೆ, ನಿಂಗಮ್ಮನದು. ಆ ಮಾತು ಕೇಳಿದ ಮೇಲೆ ಸಾಠೆ ಮ್ಯಾಡಮ್ ತಾವೇ ಹೊತ್ತು ಇಳಿಸಿದ್ದು. ತಿರುವಿನಿಂದ ಇನ್ನೊಂದು ಬದಿ ಹಿಡಿದವರು ಜೋಗಳೇಕರ ಸರ್. ಬುಧವಾರ ಮಧ್ಯಾಹ್ನ ಮ್ಯಾಡಮ್ ಕೆಳಗೆ ಬಂದು ನಿಂಗಮ್ಮನ ಎದುರು ಕೂರುತ್ತಾರೆ, ನಾನು ನಡುವೆ. ಗಂಡನ ಹೆಸರು ಬಂದಾಗ ಅವಳು ಅಳುತ್ತಾಳೆ, ಮರುಗಳಿಗೆ ಯಾಕೆ ಅಳುತ್ತಿದ್ದೆನೆಂದು ಮರೆಯುತ್ತಾಳೆ. ಎರಡೂ ಕಾಯಿಲೆ ಇದ್ದವು. ಮೂರನೆಯ ಸಾಲು ಅವಳಿಗಾಗಿಯೇ ಗೋಡೆಯ ಮೇಲೆ ಕಾದಿತ್ತು. ಸಕ್ಕರೆ ಡಬ್ಬಿ ಇನ್ನೂ ಎರಡೇ. ಕೆಂಪು ಕುರ್ಚಿ ಗಡಿ ಒತ್ತುವರಿಯ ಮೊದಲ ಹೆಜ್ಜೆಯೋ ಏನೋ ಎಂದು ಸರ್‌ಗೆ ಈಗಲೂ ಒಳಗೊಳಗೇ ಸಂಶಯ. ನನಗೂ ಇದೆ. ಊಟದ ಹೊತ್ತಿಗೆ ನಾನು ಮೂರು ಸೀಟಿ ಹೊಡೆಯುತ್ತೇನೆ, ನಿಂಗಮ್ಮ ತಾನಾಗಿ ಎದ್ದು ಬರುತ್ತಾಳೆ. ಅಣಕಕ್ಕೆ ಇಂಥದ್ದೊಂದು ಕೆಲಸವಿದೆಯೆಂದು ಗೊತ್ತಾದಂದಿನಿಂದ ಮೇಲೆ ಸರ್, ಕೆಳಗೆ ಮ್ಯಾಡಮ್ ಆಗುವುದನ್ನು ಬಿಟ್ಟಿದ್ದೇನೆ. ಬಿಸ್ಕೀಟು ಕಡಿಮೆಯಾಗಿದೆ.

ಶರಣಮ್ಮ ಅಂದು ಮೇಜಿನ ಮೇಲೆ ಎರಡೂ ಅಂಗೈ ಊರಿ ಹೇಳಿದ್ದು ಇಷ್ಟು:

“ನಮ್ಮತ್ತಿದು ಪರೀಕ್ಷಾ ಸಾಕ್ರಿ. ಈಗ ನೀವಿಬ್ರೂ ಕೂಡಿ ಒಂದ್ ಬರೀರಿ. ಐದ್ ಶಬ್ದ ಇಲ್ಲ, ಒಂದಾ ಪ್ರಶ್ನಿ ಅದ: ನಾಳಿ ಒಂಬತ್ತಕ್ಕ ನಾ ಕೆಲಸಕ್ಕ ಹೋಗ್ತೀನಿ, ಆಕಿ ಎಲ್ಲಿ ಕುಂಡರಬೇಕು?”