ಲೀಡರ್ ತಟ್ಟೆ

ಅಪ್ಪನ ಮೊಬೈಲಿನಲ್ಲಿ ಹಾವಿನ ಆಟ ಆಡಲು ನಾವು ಅವರ ಹಿಂದೆಮುಂದೆ ಸುತ್ತುತ್ತಿದ್ದ ದಿನಗಳವು. ಮನೆ ತಮಿಳುನಾಡಿನ ಗಡಿಯ ಡೆಂಕಣಿಕೋಟೆಯಲ್ಲಿ, ಅಪ್ಪನ ಕೆಲಸ ಹೊಸೂರಿನ ಕಾರ್ಖಾನೆಯಲ್ಲಿ. ಬೇಸಿಗೆ ರಜೆ ಬಂತೆಂದರೆ ನಮ್ಮ ಬೀದಿಯ ಮಕ್ಕಳೆಲ್ಲ ಚರ್ಚಿನ ರಜಾ ಶಾಲೆಗೆ ಓಡುತ್ತಿದ್ದೆವು. ಹುಣಸೆ ಮರದ ಕೆಳಗೆ ಕುಂಟೆಬಿಲ್ಲೆ, ತಗಡಿನ ಚಾವಣಿಯ ಕೆಳಗೆ ಹಾಡು. ಕನ್ನಡದಲ್ಲಿ ಶುರುವಾದ ಹಾಡು ತಮಿಳಿನಲ್ಲಿ ಮುಗಿಯುತ್ತಿತ್ತು.

ಶಾಲೆ ನಡೆಸುತ್ತಿದ್ದವರು ರೂತಮ್ಮ ಆಂಟಿ. ದಿನಕ್ಕೊಬ್ಬರನ್ನು ಲೀಡರ್ ಮಾಡಿ ಕೊರಳಿಗೆ ವಿಷಲ್ ಹಾಕುತ್ತಿದ್ದರು. ಅದರ ಜತೆಗೊಂದು ಕಟ್ಟಳೆಯೂ ಇತ್ತು. ಮಧ್ಯಾಹ್ನ ಎಲ್ಲರಿಗೂ ಬಡಿಸಿ, ಲೀಡರ್ ಕೊನೆಗೆ ಉಣ್ಣಬೇಕು. ಉಪ್ಪಿಟ್ಟಿನ ದಿನ ಇದು ಯಾರಿಗೂ ಭಾರವೆನಿಸುತ್ತಿರಲಿಲ್ಲ. ನನ್ನ ಪಾಳಿ ಬಂದದ್ದು ಮಾತ್ರ ರಜಾ ಶಾಲೆಯ ಕಡೇ ದಿನ, ಕೋಳಿ ಬಿರಿಯಾನಿಯ ದಿನ.

ಬೆಳಿಗ್ಗೆಯಿಂದಲೇ ಪುದೀನ, ಲವಂಗದ ವಾಸನೆ ಪ್ರಾರ್ಥನೆಗೆ ಕಣ್ಣು ಮುಚ್ಚಲು ಬಿಡಲಿಲ್ಲ. ಬಡಿಸುವ ಹೊತ್ತಿಗೆ ನನ್ನ ಮುಖ ನೋಡಿ ಆಂಟಿ ನಕ್ಕರು.

“ಯೇಸಪ್ಪ ಶಿಷ್ಯರ ಕಾಲೇ ತೊಳ್ದ. ನೀನು ಅನ್ನ ಬಡ್ಸಕ್ಕೆ ಮುಖ ಊದುಸ್ಕೊಂಡಿದ್ದೀಯಲ್ಲಮ್ಮಿ.”

“ಖಾಲಿ ಆಗ್ಬುಟ್ರೆ ಆಂಟಿ?”

“ನಿಂಗೂ ನಂಗೂ ತಟ್ಟೆ ಮುಚ್ಚಿಟ್ಟಿವ್ನಿ, ಹೋಗು.”

ಅಂಚೆಟ್ಟಿ ಕಡೆಯಿಂದ ಅಕ್ಕತಂಗಿಯರಿಬ್ಬರು ಆ ದಿನ ಹಾಡಲು ಬರಬೇಕಿತ್ತು. ಹೊತ್ತು ಮೀರಿದರೂ ಬರಲಿಲ್ಲ. ಇನ್ನು ಬರುವುದಿಲ್ಲವೆಂದು ಎಲ್ಲರಿಗೂ ಎರಡನೇ ಸಲ ಬಡಿಸಿದೆವು. ಬಿರಿಯಾನಿಯ ಡಬರಿ ಖಾಲಿಯಾಯಿತು. ನಾನು ಕೈ ತೊಳೆದು ನನ್ನ ತಟ್ಟೆಯ ಮುಚ್ಚಳ ತೆಗೆದೆ. ಅನ್ನದ ಮೇಲೆ ಕೋಳಿಯ ಕಾಲು ಇತ್ತು. ಅಷ್ಟರಲ್ಲಿ ಅವರಿಬ್ಬರೂ ಬಾಗಿಲಲ್ಲಿ ನಿಂತಿದ್ದರು, ಮೊಣಕಾಲಿನವರೆಗೆ ಧೂಳು.

“ದಾರೀಲಿ ಬಸ್ಸು ಕೆಟ್ಟೋಯ್ತು ಆಂಟಿ. ನಡ್ಕೊಂಡೇ ಬಂದೊ,” ಎಂದಳು ದೊಡ್ಡವಳು.

ಆಂಟಿ ತಮ್ಮ ತಟ್ಟೆಯನ್ನು ತಂದು ಅವಳ ಮುಂದಿಟ್ಟರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗದರಿದ್ದರೆ ವಾಸಿಯಿತ್ತು, ಹಟ ಹಿಡಿಯಬಹುದಿತ್ತು. ಸ್ವಲ್ಪ ಹೊತ್ತು ಕೋಳಿಯ ಕಾಲನ್ನೇ ನೋಡುತ್ತ ಕೂತೆ. ಆಮೇಲೆ ಎದ್ದು ಹೋಗಿ ತಟ್ಟೆಯನ್ನು ಚಿಕ್ಕವಳಿಗೆ ಕೊಟ್ಟೆ. ಕಣ್ಣಲ್ಲಿ ನೀರು ಬಂತು. ಸುಳ್ಳೇಕೆ, ಅದು ಕರುಣೆಯ ನೀರಲ್ಲ.

ಎರಡು ತುತ್ತು ಉಂಡು ಅವಳು ಕೈ ನಿಲ್ಲಿಸಿದಳು. “ಅಕ್ಕಾ, ನಿಂದು ಊಟ ಆಯ್ತಾ?”

“ಆಯ್ತು, ಉಣ್ಣು,” ಎಂದೆ. ಆಗ ಹೊಟ್ಟೆಯೊಳಗಿನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು.

ಆಂಟಿ ಡಬರಿಯ ತಳದ ಸೀದ ಅನ್ನವನ್ನು ಕೆರೆದು ಮುಚ್ಚಳಕ್ಕೆ ಹಾಕಿದರು. ಇಬ್ಬರೂ ಒಲೆಯ ಪಕ್ಕ ಕೂತು ಉಂಡೆವು. ಬರೀ ಹೊಗೆ, ಒಂಚೂರು ಮಸಾಲೆ. ಅಷ್ಟು ರುಚಿಯ ಬಿರಿಯಾನಿ ನಾನು ಮತ್ತೆ ಉಂಡಿಲ್ಲ.

“ಈಗ ಊದಮ್ಮಿ ವಿಷಲ್ಲು,” ಎಂದರು ಆಂಟಿ.

ಈಗ ಅಲ್ಲಿ ದೊಡ್ಡ ಚರ್ಚಿದೆ. ಹುಣಸೆ ಮರವಿಲ್ಲ, ಆಂಟಿಯೂ ಇಲ್ಲ. ಹಬ್ಬದೂಟಕ್ಕೆ ಕೇಟರಿಂಗಿನವರು ಬರುತ್ತಾರೆ. ಚರ್ಚಿನ ಸಮಿತಿಯವರಾದ ನಮಗೆ ಬೇರೆ ಮೇಜು, ಮೊದಲ ಪಂಕ್ತಿ. ಹೋದ ಕ್ರಿಸ್‌ಮಸ್ಸಿಗೆ ನನಗೆ ಬಡಿಸುತ್ತಿದ್ದ ಹುಡುಗಿ ತೋಳಿನಿಂದ ಬೆವರು ಒರೆಸಿಕೊಂಡಳು.

“ನಿಂದು ಊಟ ಆಯ್ತಾಮ್ಮಿ?” ಎಂದು ಕೇಳಿದೆ.

“ನಮ್ದೆಲ್ಲ ಕೊನೇಗೆ ಮೇಡಂ,” ಎಂದು ಅವಳು ಮುಂದಿನ ತಟ್ಟೆಗೆ ಹೋದಳು.

ಆ ಕೊನೆಯ ಜಾಗ ಹಿಂದೆ ನಮ್ಮದಾಗಿತ್ತು, ಕೊರಳಲ್ಲಿ ವಿಷಲ್ ಇದ್ದವರದು.