ಇಲಿ ತಿಂದ ಜೀಪಿನ ಟಾಪು

ನಮ್ಮಣ್ಣನ ಜೀಪಿನ ಟಾಪನ್ನು ಇಲಿ ತಿಂದಿಲ್ಲ. ನಾನೇ ಕತ್ತರಿಸಿದ್ದು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ನಮ್ಮ ಬಡಾವಣೆ ಕೆಸರೆಯಲ್ಲಿ ಇಲಿಗಳಿಗೆ ಮೊದಲೇ ಒಳ್ಳೆಯ ಹೆಸರಿಲ್ಲ, ನನ್ನಿಂದ ಇನ್ನಷ್ಟು ಕೆಟ್ಟಿತು.

ನಾನು ಒಂಬತ್ತನೇ ಕ್ಲಾಸು ಮುಗಿಸಲಿಲ್ಲ. ಓದು ಹತ್ತಲಿಲ್ಲ, ಹೊಲಿಗೆ ಹತ್ತಿತು. ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ, ಯೂನಿಫಾರಂ, ಚೀಲ, ಏನು ಬಂದರೂ ಹೊಲಿಯುತ್ತೇನೆ. ಪಕ್ಕದ ಮನೆಯಲ್ಲಿ ಅಣ್ಣ, ಅತ್ತಿಗೆ, ಅಮ್ಮ. ಅವರ ಬಾಗಿಲ ಮುಂದೆ ಜೀಪು.

ಅದು ಅಪ್ಪ ಓಡಿಸುತ್ತಿದ್ದ ಗಾಡಿ. ಅವರು ಒಬ್ಬ ಕಂಟ್ರಾಕ್ಟರ್ ಬಳಿ ಡ್ರೈವರ್ ಆಗಿದ್ದರು. ಅಪ್ಪ ತೀರಿಕೊಂಡ ಮೇಲೆ ಕಂಟ್ರಾಕ್ಟರು ಜೀಪನ್ನು ಗುಜರಿಗೆ ಹಾಕಲು ಹೊರಟಾಗ ಅಣ್ಣ ಹೋಗಿ ಮನೆಗೆ ತಂದ. ಮೇಲೆ ದಪ್ಪ ಖಾಕಿ ಕ್ಯಾನ್ವಾಸಿನ ಟಾಪು. ಹಿಂದಿನ ಸೀಟಿನ ನೆತ್ತಿಯ ಮೇಲೆ ಅದು ಒಮ್ಮೆ ಹರಿದಿದ್ದಾಗ ಅಪ್ಪನೇ ದಬ್ಬಳ, ಗೋಣಿ ದಾರ ಹಿಡಿದು ಹೊಲಿದಿದ್ದರು. ಕೋಳಿ ಕೆದಕಿದ ಹಾಗಿತ್ತು ಆ ಹೊಲಿಗೆ. ಹನಿ ನೀರು ಮಾತ್ರ ಒಳಗೆ ಬರುತ್ತಿರಲಿಲ್ಲ.

ಬೇಸಿಗೆ ಬಂತೆಂದರೆ ಅಣ್ಣ ಟಾಪು ಬಿಚ್ಚಿಬಿಡುತ್ತಿದ್ದ. ಅದರ ವಾಸನೆ ಅತ್ತಿಗೆಗೆ ಆಗದು. ಹಾಗಾಗಿ ಈ ಸಲ ಮಡಿಸಿ ತಂದು ನನ್ನ ಕೋಣೆಯ ಅಟ್ಟಕ್ಕೆ ಹಾಕಿದ. "ನಿನ್ ಹತ್ರ ಇದ್ರೆ ಭದ್ರ ಕಣೇ" ಅಂದ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ನಮ್ಮ ಬೀದಿಯ ಅಕ್ಕ ಒಬ್ಬರು ಗೋಕುಲಂನಲ್ಲಿ ಮನೆಗೆಲಸ ಮಾಡುತ್ತಾರೆ. ಯೋಗ ಕಲಿಯಲು ಬಂದ ಹೊರದೇಶದ ಹೆಂಗಸೊಬ್ಬಳನ್ನು ಒಂದು ದಿನ ನನ್ನ ಬಳಿ ಕರೆತಂದರು. ಆಕೆಗೆ ಯೋಗದ ಮ್ಯಾಟ್ ಸುತ್ತಿ ಹೆಗಲಿಗೆ ಹಾಕಿಕೊಳ್ಳಲು ಉದ್ದನೆಯ ಚೀಲ ಬೇಕಿತ್ತು. ನಾನು ತೋರಿಸಿದ ಹೊಸ ಬಟ್ಟೆ ಯಾವುದೂ ಹಿಡಿಸಲಿಲ್ಲ. ಕಣ್ಣು ಅಟ್ಟದ ಮೇಲೆ ಹೋಯಿತು. "ಓಲ್ಡ್? ಆರ್ಮಿ?" ಅಂದಳು. ನಾನು "ಎಸ್ ಎಸ್" ಅಂದೆ. ಮಿಲಿಟರಿಗೂ ಆ ಟಾಪಿಗೂ ಏನೂ ಸಂಬಂಧವಿಲ್ಲ.

ಮೊದಲು ಅಂಚಿನಲ್ಲಿ ಸವೆದಿದ್ದ ಕಡೆ ಸ್ವಲ್ಪ ಕತ್ತರಿಸಿದೆ. ಅಣ್ಣನಿಗೆ ಗೊತ್ತಾಗುವುದಿಲ್ಲ, ಅಂಚಿಗೆ ಬೇರೆ ಬಟ್ಟೆಯ ಪಟ್ಟಿ ಕೊಟ್ಟರಾಯಿತು ಅಂದುಕೊಂಡೆ. ಆ ಚೀಲ ನೋಡಿ ಇನ್ನಿಬ್ಬರು ಬಂದರು. ಒಳ್ಳೆಯ ದಪ್ಪ ಬಟ್ಟೆಗೆ ಒಮ್ಮೆ ಕತ್ತರಿ ಇಟ್ಟ ಮೇಲೆ ಹೊಲಿಯುವವರ ಕೈ ನಿಲ್ಲುವುದಿಲ್ಲ; ಒಂದೊಂದಾಗಿ ಟಾಪೆಲ್ಲ ಚೀಲವಾಯಿತು. ಟಾಪಿನ ಬಕಲ್ಲುಗಳೂ ಚೀಲಕ್ಕೆ ಚೆನ್ನಾಗಿ ಒಪ್ಪಿದವು. ಅಪ್ಪನ ಹೊಲಿಗೆ ಬಂದಾಗ ಬಿಚ್ಚಲು ಮನಸ್ಸಾಗದೆ, ಚೀಲದ ಮುಂಭಾಗಕ್ಕೆ ಬರುವ ಹಾಗೆ ಕತ್ತರಿಸಿದೆ. ಎಲ್ಲರೂ ಕೇಳಿದ್ದು ಅದೇ ಚೀಲವನ್ನು. ಇಷ್ಟು ವರ್ಷ ಜರಿ ಕಸೂತಿ ಮಾಡಿದ ನನ್ನನ್ನು ಬಿಟ್ಟು ಅಪ್ಪನ ದಬ್ಬಳಕ್ಕೆ ಮೆಚ್ಚುಗೆ! ಇದೆಲ್ಲ ನಡೆದದ್ದು ತಪಸ್ಸುಕಾಲದಲ್ಲಿ, ಈಸ್ಟರಿಗೆ ಮುಂಚೆ ನಾವು ಕ್ರೈಸ್ತರು ಉಪವಾಸವಿರುವ ನಲವತ್ತು ದಿನಗಳಲ್ಲಿ. ಉಳಿದವರು ಮಾಂಸ ಬಿಟ್ಟಿದ್ದರು, ನಾನು ಮರ್ಯಾದೆ ಬಿಟ್ಟಿದ್ದೆ.

ಈಸ್ಟರ್ ಮುಗಿದು ಮೊದಲ ಮಳೆ ಬಂದ ದಿನ ಅಣ್ಣ ಟಾಪು ಕೇಳಲು ಬಂದ.

"ಇಲಿ ತಿಂದ್ಬುಟ್ವು ಅಣ್ಣ" ಅಂದೆ.

"ಪೂರ್ತಿನಾ?"

"ಪೂರ್ತಿ. ಉಳಿದಿದ್ದು ಗಲೀಜಾಗಿತ್ತು, ಎಸೆದ್ಬುಟ್ಟೆ."

ಅವನು ಬೈಯಲಿಲ್ಲ. "ನಿನ್ ಬಟ್ಟೆ ಏನಾದ್ರೂ ತಿಂದ್ವಾ?" ಅಂತ ಕೇಳಿದ. ಸಂಜೆ ನನಗೆ ಅಂತ ಇಲಿಬೋನು ತಂದುಕೊಟ್ಟ.

ಜೀಪಿಲ್ಲದೆ ಅಮ್ಮ ಚರ್ಚಿನ ಭಾನುವಾರದ ಪೂಜೆಗೆ ಹೋಗುವುದಿಲ್ಲ. ಮಂಡಿನೋವು, ಆದರೂ ಆಟೋ ಹತ್ತರು. "ನನ್ ಮಗನ್ ಗಾಡಿ ಇರೋವಾಗ ಬೇರೆಯೋರ ಗಾಡಿ ಯಾಕೆ?" ಒಂದು ಭಾನುವಾರ ನೆನೆದು ಬಂದರು, ನೆಗಡಿಯಾಯಿತು. ಅತ್ತಿಗೆ ಖಡಾಖಂಡಿತವಾಗಿ ಹೇಳಿದರು: "ರೀ, ಮೇಲೆ ಏನಾದ್ರೂ ಹೊದಿಸಿ, ಇಲ್ಲಾಂದ್ರೆ ಮಾರಿಬುಡಿ."

ಅಣ್ಣ ಒಂದು ಹಳೆಯ ಫ್ಲೆಕ್ಸ್ ತಂದ. ಯಾರೋ ಮುಖಂಡರ ಹುಟ್ಟುಹಬ್ಬದ್ದು. ಕಂಬಿಗಳ ಮೇಲೆ ಬಿಗಿದು ಕಟ್ಟುವಾಗ ಚಿತ್ರ ಒಳಗೆ ಬಂತು. ಅಮ್ಮ ಕೂತವರೇ ಮೇಲೆ ನೋಡಿ, "ಇವನ್ಯಾರೋ ಕೈ ಮುಗ್ಕೊಂಡು ನನ್ನೇ ನೋಡ್ತಾವ್ನೆ, ಇಳಿಸೋ" ಅಂದರು. ತಿರುಗಿಸಿ ಕಟ್ಟಿದರೆ ದಾರಿಯವರೆಲ್ಲ ಎಲೆಕ್ಷನ್ ಪ್ರಚಾರವೆಂದು ತಿಳಿದರು. ಮಳೆ ಬಂದಾಗ ಕಂಬಿಗಳ ನಡುವೆ ಹಂಡೆಯಷ್ಟು ನೀರು ನಿಂತು, ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದ ಕೂಡಲೇ ಅಷ್ಟೂ ಅಣ್ಣನ ಮಡಿಲಿಗೆ ಸುರಿಯಿತು.

ಆಮೇಲೆ ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ. ದ್ರಾಕ್ಷಿ, ಅನಾನಸ್ ಚಿತ್ರವಿರುವುದು. ಅದನ್ನು ಜೋಡಿಸಿ ಹೊಲಿದವಳು ನಾನೇ. ಕ್ಯಾನ್ವಾಸಾದರೆ ನೆನೆದಾಗ ನೂಲು ಉಬ್ಬಿ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ, ಪ್ಲಾಸ್ಟಿಕ್‌ನಲ್ಲಿ ತೂತು ತೂತಾಗಿಯೇ ಉಳಿಯುತ್ತದೆ. ಗೊತ್ತಿದ್ದೂ ಹೊಲಿದೆ. ಬಾಯಿ ಬಿಡುವುದಕ್ಕಿಂತ ಹೊಲಿಯುವುದು ಸುಲಭವಾಗಿತ್ತು. ಅಣ್ಣ ಎಲ್ಲರ ಬಳಿ, "ನನ್ ತಂಗಿ ನಿದ್ದೆ ಕೆಟ್ಟು ಹೊಲಿದ್ಲು" ಅಂತ ಹೇಳಿಕೊಂಡು ತಿರುಗಿದ.

ತಡೆಯಲಾಗದೆ ಶನಿವಾರ ತಪ್ಪೊಪ್ಪಿಕೊಳ್ಳಲು ಚರ್ಚಿಗೆ, ಪಾಪನಿವೇದನೆಗೆ ಹೋದೆ. ಜಾಲರಿಯ ಆ ಕಡೆ ಫಾದರ್ ತಾಳ್ಮೆಯಿಂದ ಕೇಳಿಸಿಕೊಂಡರು.

"ಎಷ್ಟು ಸಲ ಸುಳ್ಳು ಹೇಳಿದಿರಮ್ಮ?"

"ಮಳೆ ಬಂದಾಗ್ಲೆಲ್ಲ ಫಾದರ್."

ಮೂರು ಸಲ ನಮೋ ಮರಿಯೆ ಪ್ರಾರ್ಥನೆ ಹೇಳಿ, ಅಣ್ಣನಿಗೆ ನಿಜ ಹೇಳಿ ಅಂದರು. ನಮೋ ಮರಿಯೆಯನ್ನು ಅಲ್ಲೇ ಬೆಂಚಿನಲ್ಲಿ ಮುಗಿಸಿದೆ. ಇನ್ನೊಂದನ್ನು ಮುಂದೂಡಿದೆ.

ಮರುದಿನ ಶ್ರೀರಾಂಪುರದಲ್ಲಿ ನಮ್ಮ ನೆಂಟರ ಹೊಸ ಮನೆಯನ್ನು ಫಾದರ್ ತೀರ್ಥ ಹಾಕಿ ಮಂತ್ರಿಸುವುದಿತ್ತು. ಅಣ್ಣ ಫಾದರನ್ನು ನಮ್ಮ ಜೀಪಿನಲ್ಲೇ ಕರೆದುಕೊಂಡು ಹೊರಟ. ಫಾದರ್ ಮುಂದೆ, ನಾನೂ ಅಮ್ಮನೂ ಹಿಂದೆ. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ನನ್ನ ಹೊಲಿಗೆ ಹೋದ ಕಡೆಯೆಲ್ಲ ಸಾಲಾಗಿ ತೊಟ್ಟಿಕ್ಕತೊಡಗಿತು. ಒಂದು ಸಾಲು ನೇರ ಫಾದರ್ ನೆತ್ತಿಗೆ.

"ನೀವು ತೀರ್ಥ ಹಾಕೋ ಮುಂಚೆ ನಿಮ್ಗೇ ಬಿತ್ತಲ್ಲ ಫಾದರ್!" ಅಂತ ಅಣ್ಣ ನಕ್ಕ. "ಒಳ್ಳೆ ಟಾಪಿತ್ತು, ಇಲಿ ತಿಂದ್ಬುಟ್ವು. ಅಂಥ ಇಲಿಗೆ ಏನು ಮಾಡ್ಬೇಕು, ನೀವೇ ಹೇಳಿ."

ನನಗೆ ಜೀಪಿನಿಂದ ಹಾರಿಬಿಡೋಣ ಅನ್ನಿಸಿತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಬಾಯಿ ಬಿಡುವ ಹಾಗಿಲ್ಲ. ಫಾದರ್ ಹಿಂದಕ್ಕೆ ತಿರುಗಲಿಲ್ಲ, ಕೆಮ್ಮಲೂ ಇಲ್ಲ. ಕನ್ನಡಕ ತೆಗೆದು ಒರೆಸಿದರು. "ರಸ್ತೆ ಜಾರುತ್ತೆ, ನಿಧಾನ ಓಡಿಸಿ" ಅಂದರು, ಅಷ್ಟೇ. ಒಂದು ಸಲ ತಿರುಗಿ ಗದರಿದ್ದರೂ ನನಗೆ ಹಗುರವಾಗುತ್ತಿತ್ತು.

ಅವತ್ತು ಅಮ್ಮನಿಗೆ ಮತ್ತೆ ನೆಗಡಿ. ಅಣ್ಣ ಸೋತ. ಮಾರುತ್ತೇನೆ ಅಂದ. ಆ ಮಾತು ಆಡುವಾಗ ಸ್ಟೇರಿಂಗನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ, ನಮ್ಮ ಮುಖ ನೋಡಲಿಲ್ಲ.

ಕೊಳ್ಳಲು ಬಂದವರು ಸುತ್ತ ತಿರುಗಿ ನೋಡಿ, ಹಳೆಯ ಟಾಪಿದ್ದರೆ ಈಗಲೇ ತಗೋತೀನಿ ಅಂದರು. ಅಣ್ಣ ಇಲಿಯ ಕಥೆ ಹೇಳಿದ.

"ಸರಿ ಸಾರ್, ಬಟ್ಟೆ ತಿಂತು. ಬಕಲ್ಲು?"

ಅಣ್ಣ ತಲೆಯೆತ್ತಿ ಕಂಬಿಗಳನ್ನು ನೋಡಿದ.

"ಹಿತ್ತಾಳೆ ಬಕಲ್ಲು ಸಾರ್. ಅದನ್ನೂ ತಿನ್ನೋ ಇಲಿ ನಿಮ್ ಕೆಸರೇಲಿದ್ಯಾ?"

ಅಣ್ಣ ನಿಧಾನವಾಗಿ ನನ್ನ ಕಡೆ ತಿರುಗಿದ. ನಾನು ಸೆರಗಿನ ತುದಿ ಸುತ್ತುತ್ತಿದ್ದೆ.

"ನಾನೇ ಅಣ್ಣ. ಕತ್ತರಿಸಿ ಚೀಲ ಹೊಲಿದೆ. ಗೋಕುಲಂನೋರಿಗೆ."

ಬಂದವರು ನಮ್ಮಿಬ್ಬರನ್ನೂ ನೋಡಿ, ಆಮೇಲೆ ಫೋನ್ ಮಾಡ್ತೀನಿ ಅಂತ ಹೋದರು. ಅಣ್ಣ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೇ ಇದ್ದ.

"ಅಪ್ಪನ ಹೊಲಿಗೆ?"

"ಅದೂ."

ಬೈಗುಳ ಬರುತ್ತದೆ ಅಂತ ಕಾದೆ. ಅವನು ಕೀ ತೆಗೆದುಕೊಂಡು ಬಂದು, "ಹತ್ತು" ಅಂದ.

ಗೋಕುಲಂನಲ್ಲಿ ಆ ಅಕ್ಕನನ್ನು ಕೂಡಿಸಿಕೊಂಡು ಮನೆ ಮನೆ ತಿರುಗಿದೆವು. ಹೊಸ ಚೀಲ ಹೊಲಿದುಕೊಡುತ್ತೇನೆ, ಇದನ್ನು ಕೊಡಿ ಅಂತ ನಾನು ಕೈ ಸನ್ನೆ ಮಾಡುವುದು, ಅಕ್ಕ ತಮಗೆ ಬಂದ ಇಂಗ್ಲಿಷಿನಲ್ಲಿ "ಮೈ ಫ್ರೆಂಡ್ ಬ್ರದರ್ ಜೀಪ್ ನೇಕೆಡ್" ಅನ್ನುವುದು. ಅವರು ನಕ್ಕು ಕೊಟ್ಟರು. ಒಬ್ಬರು ಹೊರಗೆ ಬಂದು ಜೀಪಿನ ಪಕ್ಕ ನಿಂತು ಫೋಟೋನೂ ತೆಗೆಸಿಕೊಂಡರು. ಅಪ್ಪನ ಹೊಲಿಗೆಯ ಚೀಲ ಮಾತ್ರ ಸಿಗಲಿಲ್ಲ. ಅದನ್ನು ಕೊಂಡವಳು ವಾರದ ಹಿಂದೆ ತನ್ನ ದೇಶಕ್ಕೆ ಹೋಗಿಬಿಟ್ಟಿದ್ದಳು. ಯಾವ ದೇಶ ಅನ್ನುವುದೂ ಅಕ್ಕನಿಗೆ ಸರಿಯಾಗಿ ಗೊತ್ತಿರಲಿಲ್ಲ.

ವಾಪಸು ಬರುವಾಗ ಅಣ್ಣ ನಿಧಾನವಾಗಿ ಓಡಿಸಿದ. ಮನೆ ಹತ್ತಿರವಾದ ಮೇಲೆ, "ಅಪ್ಪ ಮಡಿಕೇರಿ ದಾಟಿ ಆ ಕಡೆ ಯಾವತ್ತೂ ಹೋದವ್ರಲ್ಲ. ಈಗ ನೋಡು, ಫಾರಿನ್‌ಗೆ ಹೋದ್ರು" ಅಂದ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ನಾನು ಮಾತ್ರ ಅತ್ತೆ.

ಚೀಲಗಳನ್ನೆಲ್ಲ ಬಿಚ್ಚಿ, ಹರಡಿ, ಮತ್ತೆ ಟಾಪು ಮಾಡಿದೆ. ಅರ್ಧ ಉರಿದ ಮೇಣದಬತ್ತಿಗಳನ್ನು ಅಮ್ಮ ಎಸೆಯದೆ ಬಿಸ್ಕತ್ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಆ ಮೇಣವನ್ನು ಹೊಲಿಗೆಗಳಿಗೆಲ್ಲ ಉಜ್ಜಿ ಬಿಸಿಲಿಗೆ ಹಾಕಿದೆ. ಚೀಲಗಳ ಜೇಬುಗಳನ್ನು ಕೀಳಲಿಲ್ಲ, ಒಳಗಡೆಗೆ ಬರುವ ಹಾಗೆ ಬಿಟ್ಟೆ. ಈಗ ಒಂದರಲ್ಲಿ ಅಮ್ಮನ ಜಪಸರ ಇರುತ್ತದೆ, ಒಂದರಲ್ಲಿ ಅಣ್ಣನ ಕನ್ನಡಕ. ಹೊಲಿದ ಕಡೆ ಒಂದು ಹನಿಯೂ ಸೋರುವುದಿಲ್ಲ. ಮಾರುವ ಮಾತನ್ನು ಅತ್ತಿಗೆ ಮತ್ತೆ ಎತ್ತಲಿಲ್ಲ.

ಹಿಂದಿನ ಸೀಟಿನ ಮೇಲೆ, ಅಪ್ಪನ ಹೊಲಿಗೆ ಇದ್ದಲ್ಲಿ, ಮ್ಯಾಟಿನ ಚೀಲದಷ್ಟೇ ಉದ್ದದ ಕಿಂಡಿ ಉಳಿದಿದೆ. ಬೇರೆ ಕ್ಯಾನ್ವಾಸ್ ತಂದು ಮುಚ್ಚುತ್ತೇನೆ ಅಂದರೆ ಅಣ್ಣ ಕೈ ಅಡ್ಡ ಹಿಡಿದ. "ಅಲ್ಲಿ ಬೇರೆಯೋರ ಹೊಲಿಗೆ ಬೇಡ. ಇಲಿ ಓಡಾಡೋಕೆ ದಾರಿ ಬೇಕಲ್ಲ."

ಕಳೆದ ಭಾನುವಾರ ಪೂಜೆಗೆ ಹೋಗುವಾಗ ಜೋರು ಮಳೆ. ಮುಂದೆ ಅಣ್ಣ, ಅತ್ತಿಗೆ ಬೆಚ್ಚಗೆ ಕೂತಿದ್ದರು. ಹಿಂದೆ ಅಮ್ಮ ಆಚೆ ಮೂಲೆಗೆ ಸರಿದು ಕೂತಿದ್ದರು. ಕಿಂಡಿಯ ಕೆಳಗೆ ನಾನು.

"ಗಾಡಿ ಒಳಗೆ ಯಾರಾದ್ರೂ ಕೊಡೆ ಬಿಡಿಸ್ತಾರೇನೇ?" ಅಂದರು ಅಮ್ಮ.

"ಬಿಡಿಸ್ಕೊಳ್ಲಿ ಬುಡಮ್ಮ" ಅಂದ ಅಣ್ಣ, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ.

ನಾನು ಕೊಡೆಯನ್ನು ಸ್ವಲ್ಪ ಅಮ್ಮನ ಕಡೆ ವಾಲಿಸಿ ಹಿಡಿದೆ.